ದಾರಿ ಮುಚ್ಚಿದಾಗ ತೀರ್ಮಾನ ಯಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಸ್ಟೋರೇಜ್ ಮಲ್ಟಿಪಾತ್

ಹೋದ ಸಂಚಿಕೆಯಲ್ಲಿ ಲಿನಕ್ಸ್ ಸರ್ವರ್‌ಗಳ ಮಲ್ಟಿಪಾತ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಊರು ಬೇರೆ, ಸರ್ವರ್ ಬೇರೆ, ಆದರೆ ದೂರು ಎರಡೇ ಎರಡು. ಒಂದು, "ನಾನು ಹೇಳದೇ ಇದ್ದದ್ದನ್ನು ಮಾಡಿಬಿಟ್ಟಿತು". ಇನ್ನೊಂದು, "ನಾನು ಹೇಳಿದ್ದನ್ನು ಕೇಳಲೇ ಇಲ್ಲ". ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸದಲ್ಲಿರುವ ನನಗೂ ಈ ಎರಡೂ ಆಗಿವೆ. ಹಾಗಾಗಿ ಈ ಅಂಕಣವನ್ನು ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಸರ್ವರ್‌ನಿಂದ ಹೊರಗಿನ ಸ್ಟೋರೇಜ್‌ಗೆ ಒಂದೇ ಕೇಬಲ್ ಎಳೆದರೆ, ಆ ಕೇಬಲ್ ಹೋದ ದಿನ ಎಲ್ಲವೂ ಹೋಯಿತು. ಅದಕ್ಕೇ ಸರ್ವರ್‌ನಲ್ಲಿ ಎರಡು ಪೋರ್ಟ್, ನಡುವೆ ಎರಡು ಸ್ವಿಚ್, ಆ ಕಡೆ ಎರಡು ಕಂಟ್ರೋಲರ್ ಇಡುತ್ತೇವೆ. ಹೀಗೆ ಹೆಣೆದಾಗ ಒಂದೇ ಲನ್‌ಗೆ, ಅಂದರೆ ಸ್ಟೋರೇಜ್ ಸರ್ವರ್‌ಗೆ ಡಿಸ್ಕ್‌ನಂತೆ ಕೊಡುವ ಒಂದು ತುಂಡಿಗೆ, ನಾಲ್ಕು ದಾರಿ ಆಗುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅದು ನಾಲ್ಕು ಬೇರೆ ಬೇರೆ ಡಿಸ್ಕ್‌ಗಳಂತೆ ಕಾಣುತ್ತದೆ: ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ. ನಾಲ್ಕಕ್ಕೂ ಗುರುತಿನ ಸಂಖ್ಯೆ, ಅಂದರೆ ಡಬ್ಲ್ಯುಡಬ್ಲ್ಯುಐಡಿ, ಒಂದೇ ಎಂದು ಕಂಡುಹಿಡಿದು ಅವನ್ನು ಒಂದೇ ಡಿಸ್ಕ್ ಆಗಿ ಕಟ್ಟಿಕೊಡುವುದು ಮಲ್ಟಿಪಾತ್‌ನ ಕೆಲಸ.

ಪ್ರಶ್ನೆ: ಮೇಡಂ, ಹಳೆಯ ಸರ್ವರ್‌ನ ಮಲ್ಟಿಪಾತ್ ಡಾಟ್ ಕಾನ್ಫ್ ಎಂಬ ಸೆಟ್ಟಿಂಗ್ ಫೈಲನ್ನು ಹೊಸ ಸರ್ವರ್‌ಗೆ ನಕಲು ಮಾಡಿದೆ. ರೀಬೂಟ್ ಮಾಡಿದರೆ ಎಮರ್ಜೆನ್ಸಿ ಮೋಡ್‌ಗೆ ಬಂದು ನಿಂತಿತು. ನೋಡಿದರೆ ಸರ್ವರ್ ಒಳಗೇ ಇರುವ ಎರಡನೆಯ ಡಿಸ್ಕ್, ಬ್ಯಾಕಪ್‌ಗೆಂದು ಇಟ್ಟದ್ದು, ಎಂಪಾತ್‌ಎ ಎಂಬ ಮಲ್ಟಿಪಾತ್ ಡಿಸ್ಕ್ ಆಗಿ ಕೂತಿದೆ. ಅದಕ್ಕೆ ಇರುವುದೇ ಒಂದು ದಾರಿ. ಇದನ್ನು ಮಲ್ಟಿಪಾತ್ ಮಾಡು ಎಂದು ಯಾರು ಹೇಳಿದರು? ಸದ್ಯಕ್ಕೆ ಮಲ್ಟಿಪಾತ್ ಸರ್ವಿಸನ್ನೇ ಡಿಸೇಬಲ್ ಮಾಡಿ ಬೂಟ್ ಮಾಡಿದ್ದೇನೆ. (ಹುಬ್ಬಳ್ಳಿಯಿಂದ)

ಉತ್ತರ: ಮೊದಲು ನಿಮ್ಮ ಕೊನೆಯ ವಾಕ್ಯ. ಸರ್ವಿಸ್ ಡಿಸೇಬಲ್ ಮಾಡಿದ್ದೀರಿ ಅಂದರೆ ಹೊರಗಿನ ಸ್ಟೋರೇಜ್ ಈಗ ಒಂಟಿ ದಾರಿಯಲ್ಲಿ ಓಡುತ್ತಿದೆ. ಇದನ್ನು ನಾಳೆಗೆ ಇಡಬೇಡಿ.

ಹೇಳಿದವರು ಯಾರು ಎಂದರೆ, ಆ ಹಳೆಯ ಫೈಲು. ಅದರಲ್ಲಿ 'ಫೈಂಡ್ ಮಲ್ಟಿಪಾತ್ಸ್ ನೋ' ಎಂಬ ಸಾಲು ಇದ್ದೇ ಇರುತ್ತದೆ, ಹುಡುಕಿ. ಹೆಸರು ನೋಡಿದರೆ "ಹುಡುಕಬೇಡ" ಎಂದಂತೆ ಕೇಳಿಸುತ್ತದೆ. ಅದರ ನಿಜವಾದ ಅರ್ಥ, "ಎರಡು ದಾರಿ ಇದೆಯೇ ಎಂದು ವಿಚಾರಿಸಬೇಡ, ಕಪ್ಪುಪಟ್ಟಿಯಲ್ಲಿ ಇಲ್ಲದ ಎಲ್ಲ ಡಿಸ್ಕನ್ನೂ ಹಿಡಿದುಕೋ". ಹಿಂದೆ ಮಲ್ಟಿಪಾತ್ ನಡೆಯುತ್ತಿದ್ದುದೇ ಹಾಗೆ. ಬೇಡದ ಡಿಸ್ಕ್‌ಗಳನ್ನು ನಾವೇ ಕಪ್ಪುಪಟ್ಟಿಗೆ ಸೇರಿಸಬೇಕಿತ್ತು. ಹಳೆಯ ಸರ್ವರ್‌ನಲ್ಲಿ ಯಾರೋ ಸೇರಿಸಿದ್ದರು. ಆ ಡಿಸ್ಕ್‌ನ ಗುರುತು ಬೇರೆ, ನಿಮ್ಮ ಡಿಸ್ಕ್‌ನದು ಬೇರೆ.

ಈ ಒಂದು ಸಾಲಿಗೆ ಈಗ ಐದು ಆಯ್ಕೆಗಳಿವೆ. ಯಾಕೆ ಇಷ್ಟು ಎಂದು ಕೇಳಿದರೆ, ಇಲ್ಲಿನ ಕಷ್ಟ ನಿಜವಾದದ್ದು. ಬೂಟ್ ಆಗುವಾಗ ದಾರಿಗಳು ಒಂದೊಂದಾಗಿ ಬರುತ್ತವೆ. ಮೊದಲನೆಯದು ಬಂದ ಕ್ಷಣದಲ್ಲಿ, ಇನ್ನೊಂದು ಬರುತ್ತದೋ ಇಲ್ಲವೋ ಎಂದು ಸಾಫ್ಟ್‌ವೇರ್‌ಗೆ ತಿಳಿಯುವ ಬಗೆಯೇ ಇಲ್ಲ. ಕಾಯದೆ ಬಿಟ್ಟುಕೊಟ್ಟರೆ ಡಿಸ್ಕ್ ಜಾಗ ಹಂಚುವ ಎಲ್‌ವಿಎಂ ಅಥವಾ ಮೌಂಟ್ ಆ ಒಂಟಿ ದಾರಿಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಕಾದರೆ ಒಳಗಿನ ಡಿಸ್ಕ್‌ಗೂ ಸುಮ್ಮನೆ ಕಾದಂತೆ. ಎಲ್ಲವನ್ನೂ ಹಿಡಿದುಕೊಂಡರೆ ನಿಮಗಾದ ಹಾಗೆ ಆಗುತ್ತದೆ.

'ಸ್ಟ್ರಿಕ್ಟ್' ಎಂದರೆ, ಹಿಂದೆ ಹಿಡಿದ ಡಿಸ್ಕ್‌ಗಳ ಡಬ್ಲ್ಯುಡಬ್ಲ್ಯುಐಡಿ ಪಟ್ಟಿಯಲ್ಲಿ ಮೊದಲೇ ಹೆಸರಿದ್ದವರಿಗೆ ಮಾತ್ರ ಪ್ರವೇಶ. ಮಲ್ಟಿಪಾತ್ ಬರೆಯುವ ಮೂಲ ಯೋಜನೆಯವರು ಈಗ ಇದನ್ನೇ ಡೀಫಾಲ್ಟ್ ಮಾಡಿದ್ದಾರೆ. 'ಯೆಸ್' ಎಂದರೆ ಪಟ್ಟಿಯಲ್ಲಿದ್ದವರು, ಜೊತೆಗೆ ಎರಡು ದಾರಿ ಕಂಡವರು. ರೆಡ್ ಹ್ಯಾಟ್‌ನ ಎಂಪಾತ್‌ಕಾನ್ಫ್ ಉಪಕರಣ ಬರೆದುಕೊಡುವುದು ಇದನ್ನು. 'ಗ್ರೀಡಿ' ಹೆಸರಿಗೆ ತಕ್ಕ ಹಾಗೆ ಎಲ್ಲವನ್ನೂ ಬಾಚುತ್ತದೆ. 'ಸ್ಮಾರ್ಟ್' ಮಾತ್ರ ಕಾಯುತ್ತದೆ: ತನಗೆ ಪರಿಚಯವಿರುವ ಸ್ಟೋರೇಜ್ ಆದರೆ 10 ಸೆಕೆಂಡು, ಪರಿಚಯವಿಲ್ಲದ ಡಿಸ್ಕ್ ಆದರೆ 1 ಸೆಕೆಂಡು. ಈ 10 ಮತ್ತು 1ರ ವ್ಯತ್ಯಾಸ ನನಗೆ ತುಂಬ ಹಿಡಿಸುತ್ತದೆ. ಊಹಿಸಲೇಬೇಕಾದ ಜಾಗದಲ್ಲಿ, ತಪ್ಪಿದರೂ ಹೆಚ್ಚು ನಷ್ಟವಾಗದ ಹಾಗೆ ಊಹಿಸುವುದು ಅದು.

ನಿಮಗೆ 'ಯೆಸ್' ಸಾಕು. ಆದರೆ ಆ ಸಾಲನ್ನು ತಿದ್ದಿದ ಮಾತ್ರಕ್ಕೆ ಎಂಪಾತ್‌ಎ ಹೋಗುವುದಿಲ್ಲ, ಇಲ್ಲೇ ಎಷ್ಟೋ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಒಮ್ಮೆ ಹಿಡಿದ ಡಿಸ್ಕ್‌ನ ಗುರುತು ಡಬ್ಲ್ಯುಡಬ್ಲ್ಯುಐಡಿ ಪಟ್ಟಿಯ ಫೈಲಿನಲ್ಲಿ ಉಳಿದಿರುತ್ತದೆ. ಅದು ಬೇಕಾಗಿಯೇ ಹಾಗಿದೆ: ನಾಳೆ ಒಂದು ಕೇಬಲ್ ಕಿತ್ತು ಒಂದೇ ದಾರಿ ಉಳಿದ ಸ್ಥಿತಿಯಲ್ಲಿ ಬೂಟ್ ಆದರೂ ಸ್ಟೋರೇಜ್ ಲನ್ ಅದೇ ಹೆಸರಿನಲ್ಲಿ ಬರಬೇಕಲ್ಲ. ಆದ್ದರಿಂದ 'ಮಲ್ಟಿಪಾತ್ -ಎಫ್' ಕೊಟ್ಟು ಎಂಪಾತ್‌ಎ ಬಿಚ್ಚಿ, 'ಮಲ್ಟಿಪಾತ್ -ಡಬ್ಲ್ಯು' ಕೊಟ್ಟು ಆ ಡಿಸ್ಕನ್ನು ಪಟ್ಟಿಯಿಂದ ತೆಗೆಯಿರಿ. ಸಣ್ಣಕ್ಷರದ ಡಬ್ಲ್ಯು, ಜೋಪಾನ. ದೊಡ್ಡಕ್ಷರದ್ದು ಇಡೀ ಪಟ್ಟಿಯನ್ನೇ ಅಳಿಸಿ, ಆ ಹೊತ್ತಿಗೆ ಇರುವ ಮಲ್ಟಿಪಾತ್ ಡಿಸ್ಕ್‌ಗಳಷ್ಟನ್ನೇ ಹೊಸದಾಗಿ ಬರೆಯುತ್ತದೆ.

ಕಪ್ಪುಪಟ್ಟಿಗೂ ಸೇರಿಸುವ ಮನಸ್ಸಿದ್ದರೆ ಎಸ್‌ಡಿಬಿ ಎಂದು ಬರೆಯಬೇಡಿ. ಆ ಹೆಸರು ಪ್ರತಿ ಬೂಟ್‌ಗೂ ಬದಲಾಗಬಹುದು, ನಾಳೆ ನಿಮ್ಮ ಡೇಟಾಬೇಸ್‌ನ ದಾರಿಯೇ ಎಸ್‌ಡಿಬಿ ಆಗಿ ಕಪ್ಪುಪಟ್ಟಿಗೆ ಬೀಳುತ್ತದೆ. ಡಬ್ಲ್ಯುಡಬ್ಲ್ಯುಐಡಿಯನ್ನೇ ಬರೆಯಿರಿ. ಬೂಟ್‌ನಲ್ಲಿ ಮೌಂಟ್ ಆಗಬೇಕಾದ್ದನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲೂ ಬ್ಯಾಕಪ್ ಡಿಸ್ಕನ್ನು ಅದರ ಫೈಲ್ ಸಿಸ್ಟಮ್‌ನ ಗುರುತಾದ ಯುಯುಐಡಿಯಿಂದ ಮೌಂಟ್ ಮಾಡಿ. ಹಾಗೆ ಮಾಡಿದ್ದರೆ ಎಂಪಾತ್‌ಎ ಆಗಿದ್ದರೂ ಅಂದು ಸರ್ವರ್ ಮೇಲೇಳುತ್ತಿತ್ತು.

ಪ್ರಶ್ನೆ: ಡಿಫಾಲ್ಟ್ಸ್ ಭಾಗದಲ್ಲಿ 'ಯೂಸರ್ ಫ್ರೆಂಡ್ಲಿ ನೇಮ್ಸ್ ಯೆಸ್' ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಆದರೂ ನೆಟ್‌ಆಪ್ ಕಂಪನಿಯ ಸ್ಟೋರೇಜ್‌ನ ಲನ್‌ಗಳೆಲ್ಲ 3600 ಎಂದು ಶುರುವಾಗುವ ಉದ್ದುದ್ದ ಹೆಸರಿನಲ್ಲೇ ಬರುತ್ತಿವೆ. ಫೈಲಿನಲ್ಲಿ ತಪ್ಪಿದೆಯೇ? (ಮೈಸೂರಿನಿಂದ)

ಉತ್ತರ: ನಿಮ್ಮ ಫೈಲು ಸರಿಯಾಗಿದೆ. ನೀವು ಬರೆದ ಜಾಗ ಮಾತ್ರ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು.

ಮಲ್ಟಿಪಾತ್ ಒಳಗೆ ಒಂದು ದೊಡ್ಡ ಪಟ್ಟಿ ಇದೆ. ಯಾವ ಕಂಪನಿಯ ಯಾವ ಸ್ಟೋರೇಜ್‌ಗೆ ಯಾವ ಸೆಟ್ಟಿಂಗ್ ಎಂದು ಪ್ರೋಗ್ರಾಮಿನಲ್ಲೇ ಬರೆದಿಟ್ಟದ್ದು. ಆ ಪಟ್ಟಿಯಲ್ಲಿ ನೆಟ್‌ಆಪ್ ಲನ್ ಎಂಬ ಸಾಲಿನಲ್ಲಿ ಯೂಸರ್ ಫ್ರೆಂಡ್ಲಿ ನೇಮ್ಸ್ 'ನೋ' ಎಂದಿದೆ. ನೀವು ಬರೆದ ಡಿಫಾಲ್ಟ್ಸ್ ಭಾಗ ಅನ್ವಯಿಸುವುದು ಬೇರೆ ಯಾರೂ ಏನೂ ಹೇಳದೇ ಇದ್ದಾಗ ಮಾತ್ರ. ಅದರ ಮೇಲೆ ಒಳಗಿನ ಪಟ್ಟಿ, ಅದರ ಮೇಲೆ ನೀವು ಬರೆಯುವ ಡಿವೈಸಸ್ ಭಾಗ, ಅದರ ಮೇಲೆ ಓವರ್‌ರೈಡ್ಸ್, ಎಲ್ಲಕ್ಕಿಂತ ಮೇಲೆ ಮಲ್ಟಿಪಾತ್ಸ್ ಭಾಗ. ಈ ಏಣಿಯನ್ನು ನಾನು ಟೀಮಿಗೆ ಬರುವ ಪ್ರತಿ ಹೊಸ ಹುಡುಗ ಹುಡುಗಿಗೂ ಮೊದಲ ದಿನವೇ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ.

ಓವರ್‌ರೈಡ್ಸ್‌ನಲ್ಲಿ ಬರೆದರೆ ಕೆಲಸ ಆಗುತ್ತದೆ, ಆದರೆ ಅದು ಆ ಸರ್ವರ್‌ಗೆ ಜೋಡಿಸಿದ ಎಲ್ಲ ಕಂಪನಿಯ ಸ್ಟೋರೇಜ್‌ಗೂ ತಟ್ಟುತ್ತದೆ. ನಿಮಗೆ ನಿಜವಾಗಿ ಬೇಕಿರುವುದು ಓದಲು ಬರುವ ಹೆಸರು ತಾನೆ? ಹಾಗಿದ್ದರೆ ಎಂಪಾತ್‌ಎ, ಎಂಪಾತ್‌ಬಿ ಕೂಡ ಅಂಥ ಒಳ್ಳೆಯ ಹೆಸರಲ್ಲ. ಅದು ಬಂದ ಸರದಿಯಲ್ಲಿ ಕೊಟ್ಟ ಹೆಸರು. ಈ ಸರ್ವರ್‌ನ ಎಂಪಾತ್‌ಬಿ ಪಕ್ಕದ ಸರ್ವರ್‌ನಲ್ಲಿ ಎಂಪಾತ್‌ಡಿ ಆಗಿರಬಹುದು. ಮಲ್ಟಿಪಾತ್ಸ್ ಭಾಗದಲ್ಲಿ ಪ್ರತಿ ಡಬ್ಲ್ಯುಡಬ್ಲ್ಯುಐಡಿಗೂ ಒಂದು ಏಲಿಯಾಸ್, ಅಂದರೆ ನೀವೇ ಇಡುವ ಹೆಸರು, ಬರೆಯಿರಿ: ಸಂಬಳದ ಡೇಟಾಬೇಸ್‌ಗೆ ಒಂದು, ಅದರ ಲಾಗ್‌ಗೆ ಒಂದು. ಯಾವ ಲನ್ ಯಾವ ಕೆಲಸಕ್ಕೆ ಎಂಬುದು ನಿಮಗೆ ಗೊತ್ತು, ಸ್ಟೋರೇಜ್‌ಗೂ ಗೊತ್ತಿಲ್ಲ, ಸಾಫ್ಟ್‌ವೇರ್‌ಗೂ ಗೊತ್ತಿಲ್ಲ. ಇಪ್ಪತ್ತು ಲನ್ ಇದ್ದರೆ ಅರ್ಧ ದಿನದ ಕೆಲಸ. ಮಾಡಿ.

ಪ್ರಶ್ನೆ: ನಮ್ಮದು ಕ್ಲಸ್ಟರ್. 'ನೋ ಪಾತ್ ರಿಟ್ರೈ'ಗೆ ಕ್ಯೂ ಇಡಬೇಕೋ ಫೇಲ್ ಇಡಬೇಕೋ? ಕೇಳಿದ ನಾಲ್ಕು ಜನ ನಾಲ್ಕು ಥರ ಹೇಳಿದರು. ಡೀಫಾಲ್ಟ್ ಹೇಗಿದೆಯೋ ಹಾಗೇ ಬಿಟ್ಟರೆ ಒಳ್ಳೆಯದಲ್ಲವೇ? (ಬೆಳಗಾವಿಯಿಂದ)

ಉತ್ತರ: ಈ ಒಂದು ಸೆಟ್ಟಿಂಗನ್ನು ಹಾಗೇ ಬಿಡಬೇಡಿ ಎಂದು ನಾನು ಯಾರಿಗಾದರೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಎಲ್ಲ ದಾರಿಗಳೂ ಒಟ್ಟಿಗೆ ಸತ್ತಾಗ ಏನು ಮಾಡಬೇಕು ಎಂದು ಹೇಳುವ ಸಾಲು ಇದು. 'ಫೇಲ್' ಎಂದರೆ ತಕ್ಷಣ ಅಪ್ಲಿಕೇಶನ್‌ಗೆ ಎರರ್ ಕೊಡು. 'ಕ್ಯೂ' ಎಂದರೆ ದಾರಿ ತೆರೆಯುವ ತನಕ, ಎಷ್ಟು ಹೊತ್ತಾದರೂ, ಬಂದ ಐಓಗಳನ್ನೆಲ್ಲ, ಅಂದರೆ ಓದುವ ಬರೆಯುವ ಬೇಡಿಕೆಗಳನ್ನೆಲ್ಲ, ಹಿಡಿದಿಟ್ಟುಕೋ. ಅಂಕಿ ಕೊಟ್ಟರೆ ಅಷ್ಟು ಸಲ ಪರೀಕ್ಷಿಸಿ ಆಮೇಲೆ ಕೈಬಿಡು. ಪರೀಕ್ಷೆಯ ಅಂತರ ಸಾಮಾನ್ಯವಾಗಿ 5 ಸೆಕೆಂಡು, ಹಾಗಾಗಿ 12 ಎಂದು ಬರೆದರೆ ಸುಮಾರು ಒಂದು ನಿಮಿಷ.

ನಾನು ಸಕಲೇಶಪುರದ ಕಡೆಯವಳು. ಅಪ್ಪ ಮಂಗಳೂರಿಗೆ ಲಾರಿ ಓಡಿಸುತ್ತಿದ್ದರು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಚಾರ್ಮಾಡಿ ಕಡೆಯಿಂದ ಸುತ್ತಿ ಹೋಗುತ್ತಿದ್ದರು. ಅಲ್ಲೂ ಬಂದ್ ಆದರೆ? ಪೊಲೀಸರು ಹೇಳುತ್ತಿದ್ದುದು ಒಂದೇ, ರಸ್ತೆ ಮುಚ್ಚಿದೆ ಎಂದು. ನಿಲ್ಲಬೇಕೋ ವಾಪಸು ಹೋಗಬೇಕೋ ಎಂಬುದು ಅಪ್ಪನಿಗೆ ಬಿಟ್ಟದ್ದು. ಲಾರಿಯಲ್ಲಿ ಸಿಮೆಂಟ್ ಇದ್ದರೆ ಟಾರ್ಪಾಲು ಬಿಗಿದು ಅಲ್ಲೇ ಎರಡು ದಿನ ನಿಲ್ಲುತ್ತಿದ್ದರು. ಟೊಮೆಟೊ ಇದ್ದರೆ ಕತ್ತಲಾಗುವ ಮೊದಲೇ ತಿರುಗಿಸಿ ಹಾಸನದ ಮಾರುಕಟ್ಟೆಗೆ ಹಾಕುತ್ತಿದ್ದರು. ಲಾರಿಯಲ್ಲಿ ಏನಿದೆ ಎಂದು ಗೊತ್ತಿದ್ದವರು ಅಪ್ಪ ಒಬ್ಬರೇ.

ನಿಮ್ಮ ಸರ್ವರ್ ಒಂಟಿಯಾಗಿದ್ದು, ಆಪರೇಟಿಂಗ್ ಸಿಸ್ಟಮೇ ಹೊರಗಿನ ಸ್ಟೋರೇಜ್‌ನಿಂದ ಬೂಟ್ ಆಗುತ್ತಿದ್ದರೆ, ಅದು ಸಿಮೆಂಟಿನ ಲಾರಿ. ಎರರ್ ಕೊಟ್ಟರೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ದಾರಿ ತೆರೆದರೂ ರೀಬೂಟ್ ಮಾಡದೆ ಗತಿಯಿಲ್ಲ. ಕಾಯುವುದೇ ಮೇಲು. ಆದರೆ ಎರಡು ಸರ್ವರ್‌ಗಳ ಕ್ಲಸ್ಟರ್ ಇದ್ದು, ಇಲ್ಲಿ ಆಗದಿದ್ದರೆ ಪಕ್ಕದಲ್ಲಿ ಶುರುಮಾಡಬಹುದು ಎಂದಿದ್ದರೆ, ಅದು ಟೊಮೆಟೊ ಲಾರಿ. ಇಲ್ಲಿ ಬೇಗ ಸೋಲನ್ನು ಒಪ್ಪಿಕೊಂಡಷ್ಟೂ ಒಳ್ಳೆಯದು.

ಇದನ್ನು ನಾನು ಕಲಿತದ್ದು 2012ರ ಒಂದು ರಾತ್ರಿ, ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ. ಒಂದು ಸಂಸ್ಥೆಯ ಡೇಟಾಬೇಸ್ ಎರಡು ಸರ್ವರ್‌ಗಳ ಕ್ಲಸ್ಟರ್ ಮೇಲೆ ಓಡುತ್ತಿತ್ತು. ಸ್ವಿಚ್‌ನಲ್ಲಿ ಝೋನಿಂಗ್, ಅಂದರೆ ಯಾವ ಪೋರ್ಟ್ ಯಾವುದನ್ನು ಕಾಣಬಹುದು ಎಂಬ ಪಟ್ಟಿ, ತಿದ್ದುವಾಗ ಮೊದಲ ಸರ್ವರ್‌ನ ಎರಡೂ ಪೋರ್ಟ್‌ಗಳು ಕೈತಪ್ಪಿ ಹೊರಗುಳಿದವು. ಪಕ್ಕದ ಸರ್ವರ್‌ನ ನಾಲ್ಕೂ ದಾರಿ ಸರಿಯಾಗಿದ್ದವು. ಐದು ನಿಮಿಷದಲ್ಲಿ ಡೇಟಾಬೇಸ್ ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ಸರ್ವರ್‌ಗಳು ಬದುಕಿದ್ದೇವೆ ಎಂದು ಪರಸ್ಪರ ಹೇಳಿಕೊಳ್ಳುವ ಕ್ಲಸ್ಟರ್‌ನ ಹಾರ್ಟ್‌ಬೀಟ್ ನೆಟ್‌ವರ್ಕ್ ಮೇಲೆ ಓಡುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ. ಡೇಟಾಬೇಸನ್ನು ನಿಲ್ಲಿಸಲು ಹೋದ ಸ್ಕ್ರಿಪ್ಟ್ ಅದೇ ಡಿಸ್ಕನ್ನು ಮುಟ್ಟಿ ತಾನೂ ನಿಂತುಬಿಟ್ಟಿತು. ಪ್ರೊಸೆಸ್‌ಗಳ ಪಟ್ಟಿ ತೆಗೆದರೆ ಸಾಲುಸಾಲು ಡಿ ಸ್ಥಿತಿ, ಅಂದರೆ ಡಿಸ್ಕ್‌ಗೆ ಕಾದು ನಿಂತವು. ಕಿಲ್ 9 ಕೊಟ್ಟರೂ ಸಾಯುತ್ತಿಲ್ಲ. ಲೋಡ್ ಆವರೇಜ್ ಮುನ್ನೂರು ದಾಟಿದೆ, ಸಿಪಿಯು ಮಾತ್ರ ಖಾಲಿ ಕೂತಿದೆ. ಆ ಹೊತ್ತಿನಲ್ಲಿ ಆ ಸಂಸ್ಥೆಯವರು ಫೋನಿನಲ್ಲಿ "ಸರ್ವರ್ ಸತ್ತಿದೆಯೋ ಬದುಕಿದೆಯೋ ಹೇಳಿ" ಎಂದು ಕೇಳುತ್ತಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ.

ಕೊನೆಗೆ ನಮ್ಮ ಹಿರಿಯರೊಬ್ಬರು ಫೋನಿನಲ್ಲೇ ಒಂದು ಕಮಾಂಡ್ ಹೇಳಿದರು. 'ಡಿಎಂಸೆಟಪ್ ಮೆಸೇಜ್', ಆಮೇಲೆ ಡಿಸ್ಕ್‌ನ ಹೆಸರು, ಸೊನ್ನೆ, 'ಫೇಲ್ ಇಫ್ ನೋ ಪಾತ್'. ಒತ್ತಿದ ಕ್ಷಣ ಹಿಡಿದಿಟ್ಟಿದ್ದ ಐಓಗಳೆಲ್ಲ ಎರರ್ ಆಗಿ ಬಿದ್ದವು, ಡೇಟಾಬೇಸ್ ಸತ್ತಿತು, ಕ್ಲಸ್ಟರ್ ಅದನ್ನು ಕಂಡು ಪಕ್ಕದ ಸರ್ವರ್‌ನಲ್ಲಿ ಎಬ್ಬಿಸಿತು. ಹಿನ್ನೆಲೆಯಲ್ಲಿ ಓಡುವ ಮಲ್ಟಿಪಾತ್ ಸರ್ವಿಸ್ ಆದ ಮಲ್ಟಿಪಾತ್‌ಡಿಗೆ ಹೇಳಿ ಮಾಡಿಸುವುದಾದರೆ 'ಡಿಸೇಬಲ್‌ಕ್ಯೂಯಿಂಗ್' ಎಂಬ ಕಮಾಂಡ್ ಇದೆ. ಎರಡನ್ನೂ ಒಂದು ಕಾಗದದಲ್ಲಿ ಬರೆದು ಟೇಬಲ್ ಮೇಲೆ ಅಂಟಿಸಿಕೊಳ್ಳಿ, ಏಕೆಂದರೆ ಅದು ಬೇಕಾಗುವ ಹೊತ್ತಿನಲ್ಲಿ ಹುಡುಕುವ ಸಮಾಧಾನ ಇರುವುದಿಲ್ಲ.

ಮಾರನೆಯ ದಿನ ಕಾನ್ಫ್ ಫೈಲು ತೆಗೆದು ನೋಡಿದೆ. ಅದರಲ್ಲಿ ಕ್ಯೂ ಎಂಬ ಪದವೇ ಇರಲಿಲ್ಲ. ಮೇಲೆ ಹೇಳಿದ ಒಳಗಿನ ಪಟ್ಟಿಯಿಂದ ಬಂದಿತ್ತು. ಆ ಪಟ್ಟಿಗೆ ಅದನ್ನು ಸೇರಿಸಿದವರೂ ತಪ್ಪು ಮಾಡಿರಲಿಲ್ಲ. ಕಂಟ್ರೋಲರ್ ಅಪ್‌ಗ್ರೇಡ್ ಆಗುವ ಹೊತ್ತಿನಲ್ಲಿ ಅಪ್ಲಿಕೇಶನ್ ಸಾಯದಿರಲಿ ಎಂದು ಅವರು ಯೋಚಿಸಿದ್ದರು, ಬಹಳ ಸರ್ವರ್‌ಗಳಿಗೆ ಅದೇ ಸರಿ. ನಮ್ಮದು ಕ್ಲಸ್ಟರ್ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ನಾವು. ನಾವು ಹೇಳಿರಲಿಲ್ಲ.

ಬೆಳಗಾವಿಯ ಓದುಗರೇ, ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ಡೀಫಾಲ್ಟ್ 'ಫೇಲ್'. ನಿಮ್ಮ ಸ್ಟೋರೇಜ್ ಪಟ್ಟಿಯಲ್ಲಿದ್ದರೆ ಅದು 'ಕ್ಯೂ' ಆಗಿರಬಹುದು, ಅಂಕಿಯೂ ಆಗಿರಬಹುದು. ನೀವು ಕ್ಲಸ್ಟರ್ ಎಂದು ಬರೆದಿರುವುದರಿಂದ ಹೇಳುತ್ತೇನೆ: ಸಣ್ಣ ಅಂಕಿ ಇಡಿ, ಮತ್ತು ಕ್ಲಸ್ಟರ್‌ನ ಟೈಮ್‌ಔಟ್ ಅದಕ್ಕಿಂತ ದೊಡ್ಡದಿರಲಿ. ಐಸ್ಕಸಿ, ಅಂದರೆ ಸಾಮಾನ್ಯ ನೆಟ್‌ವರ್ಕ್ ಮೇಲೆ ಬರುವ ಸ್ಟೋರೇಜ್, ಆದರೆ ಇನ್ನೊಂದು ಕಡೆಯೂ ನೋಡಬೇಕು. ಅದರ 'ರಿಪ್ಲೇಸ್‌ಮೆಂಟ್ ಟೈಮ್‌ಔಟ್' ಡೀಫಾಲ್ಟ್ 120 ಸೆಕೆಂಡು. ಮಲ್ಟಿಪಾತ್ ಇಲ್ಲದವರಿಗೆ ಅದು ಸರಿ. ಮಲ್ಟಿಪಾತ್ ಇದ್ದವರಿಗೆ, ಪಕ್ಕದಲ್ಲಿ ಒಳ್ಳೆಯ ದಾರಿ ಇದ್ದರೂ ಎರಡು ನಿಮಿಷ ಮುಚ್ಚಿದ ದಾರಿಯ ಮುಂದೆ ನಿಲ್ಲುವಂತಾಗುತ್ತದೆ. ಅದನ್ನು 5ಕ್ಕೆ ಇಳಿಸಿ.

ಪ್ರಶ್ನೆ: ನಾಲ್ಕೂ ದಾರಿ ಒಟ್ಟಿಗೆ ಬಳಕೆಯಾಗಲಿ ಎಂದು ಡಿವೈಸ್ ಭಾಗದಲ್ಲೇ 'ಮಲ್ಟಿಬಸ್' (ಎಲ್ಲ ದಾರಿ ಒಂದೇ ಗುಂಪು) ಮತ್ತು 'ಪ್ರಯೋ ಕಾನ್ಸ್ಟ್' (ಎಲ್ಲಕ್ಕೂ ಒಂದೇ ಆದ್ಯತೆ) ಬರೆದೆ. ಆದರೂ ಆದ್ಯತೆ ಎರಡು ದಾರಿಗೆ 50, ಎರಡು ದಾರಿಗೆ 10 ಎಂದು ಬೇರೆ ಬೇರೆ ಗುಂಪಾಗಿ ತೋರಿಸುತ್ತಿದೆ. ಈಗ ಡಿಫಾಲ್ಟ್ಸ್ ಅಲ್ಲ, ಮೇಲಿನ ಮೆಟ್ಟಿಲಿನಲ್ಲೇ ಬರೆದಿದ್ದೇನೆ. ಅಡ್ಮಿನ್ ಮಾತಿಗೆ ಬೆಲೆಯೇ ಇಲ್ಲವೇ? (ಮಂಗಳೂರಿನಿಂದ)

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಈ ಸಲ ನಾನು ಸಾಫ್ಟ್‌ವೇರ್ ಪರ.

ನಿಮ್ಮ ಸ್ಟೋರೇಜ್ ಎಎಲ್‌ಯುಎ ಎಂಬ ಪದ್ಧತಿಯನ್ನು ಪಾಲಿಸುತ್ತದೆ. ಅಂದರೆ ಯಾವ ದಾರಿ ನೇರ, ಯಾವುದು ಸುತ್ತು ಎಂದು ಅದೇ ಹೇಳುತ್ತದೆ. 50 ಎಂದರೆ ಲನ್‌ನ ಒಡೆತನ ಇರುವ ಕಂಟ್ರೋಲರ್‌ಗೆ ನೇರ ಹೋಗುವ ದಾರಿ. 10 ಎಂದರೆ ಇನ್ನೊಂದು ಕಂಟ್ರೋಲರ್‌ಗೆ ಹೋಗಿ, ಅಲ್ಲಿಂದ ಒಳಗಿನ ಕೊಂಡಿ ದಾಟಿ ಬರುವ ದಾರಿ. ನಾಲ್ಕನ್ನೂ ಒಂದೇ ಗುಂಪಿಗೆ ಹಾಕಿದರೆ ಅರ್ಧ ಕೆಲಸ ಸುತ್ತುದಾರಿ ಹಿಡಿಯುತ್ತದೆ, ವೇಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ. 'ಡಿಟೆಕ್ಟ್ ಪ್ರಯೋ' ಎಂಬ ಸೆಟ್ಟಿಂಗ್ ಡೀಫಾಲ್ಟ್ ಆಗಿ 'ಯೆಸ್' ಇರುವುದರಿಂದ, ಸ್ಟೋರೇಜ್ ಎಎಲ್‌ಯುಎ ಮಾತಾಡುತ್ತಿದೆ ಎಂದು ಕಂಡಾಗ ನೀವು ಬರೆದ ಪ್ರಯೋ ಸಾಲನ್ನು ಅದು ಪಕ್ಕಕ್ಕಿಡುತ್ತದೆ. ಈಚಿನ ಆವೃತ್ತಿಗಳಲ್ಲಿ ಗುಂಪು ಮಾಡುವ ಬಗೆಯನ್ನೂ ಹೀಗೆಯೇ ತಾನೇ ಪತ್ತೆಹಚ್ಚುತ್ತದೆ.

ದಾರಿ ನೇರವೋ ಸುತ್ತೋ ಎಂಬುದು ಸ್ಟೋರೇಜ್‌ಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು. ಅದೂ ಇವತ್ತಿನ ಸ್ಥಿತಿ ಗೊತ್ತು, ಕಂಟ್ರೋಲರ್ ಬದಲಾದ ಮರುಗಳಿಗೆಯೂ ಗೊತ್ತು. ನಾವು ಫೈಲಿನಲ್ಲಿ ಬರೆದದ್ದು ಬರೆದ ದಿನದ ಮಾತು. ಹಿಂದಿನ ಪ್ರಶ್ನೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಕೇಳಿದರೆ ಉತ್ತರ ಹೇಳುವ ಯಂತ್ರವಿದೆ, ಅಲ್ಲಿ ಇರಲಿಲ್ಲ.

ಹಾಗೆಂದು ನಿಮ್ಮ ಹಕ್ಕನ್ನು ಅದು ಕಿತ್ತುಕೊಂಡಿಲ್ಲ. ಸ್ಟೋರೇಜ್ ತಪ್ಪು ಹೇಳುತ್ತಿದೆ ಎಂದು ಖಾತ್ರಿ ಇದ್ದರೆ ಅದೇ ಭಾಗದಲ್ಲಿ 'ಡಿಟೆಕ್ಟ್ ಪ್ರಯೋ ನೋ' ಎಂದೂ ಬರೆಯಿರಿ. ಆಗ ನಿಮ್ಮ ಮಾತೇ ನಡೆಯುತ್ತದೆ. ಎರಡು ಸಲ ಹೇಳಿಸಿಕೊಳ್ಳುವುದು ಒಳ್ಳೆಯ ಪದ್ಧತಿ ಎಂದೇ ನನ್ನ ಅಭಿಪ್ರಾಯ.

ನನ್ನ ಅಸಮಾಧಾನ ಇರುವುದು ಬೇರೆ ಕಡೆ. ಅದು ನಿಮ್ಮ ಸಾಲನ್ನು ಪಕ್ಕಕ್ಕಿಟ್ಟದ್ದನ್ನು ಕಣ್ಣಿಗೆ ಬೀಳುವ ಹಾಗೆ ಹೇಳುವುದಿಲ್ಲ. ಹೇಳುತ್ತದೆ, ಆದರೆ ಕೇಳಬೇಕು. 'ಮಲ್ಟಿಪಾತ್' ಕಮಾಂಡನ್ನು ವರ್ಬಾಸಿಟಿ (ವಿವರದ ಮಟ್ಟ) 3 ಕೊಟ್ಟು, ಏನನ್ನೂ ಬದಲಿಸದ ಡ್ರೈ ರನ್ ಆಗಿ ಓಡಿಸಿ. ಪ್ರತಿ ಸೆಟ್ಟಿಂಗ್‌ನ ಮುಂದೆ ಅದು ಎಲ್ಲಿಂದ ಬಂತು ಎಂದು ಆವರಣದಲ್ಲಿ ಬರುತ್ತದೆ: ಕಾನ್ಫ್ ಫೈಲಿನಿಂದಲೋ, ಮಲ್ಟಿಪಾತ್‌ನ ಒಳಗಿನಿಂದಲೋ, ಸ್ಟೋರೇಜ್ ಪಟ್ಟಿಯಿಂದಲೋ, ತಾನಾಗಿ ಪತ್ತೆಯಾದದ್ದೋ ಎಂದು. ಯಾರ ತೀರ್ಮಾನ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಡುವ ಸಾಫ್ಟ್‌ವೇರ್ ಕಡಿಮೆ. ಅದನ್ನು ಸಾಮಾನ್ಯ ಔಟ್‌ಪುಟ್‌ನಲ್ಲೇ ತೋರಿಸಿದ್ದರೆ ನಿಮ್ಮ ಪತ್ರ ಬರುತ್ತಿರಲಿಲ್ಲ.

ಪ್ರಶ್ನೆ: ಹಿಂದಿದ್ದವರು ಇನ್ನೂರು ಸಾಲಿನ ಕಾನ್ಫ್ ಫೈಲ್ ಬಿಟ್ಟುಹೋಗಿದ್ದಾರೆ. ಮುಟ್ಟಲು ಹೆದರಿಕೆ. ಅಳಿಸಬಹುದೇ? (ದಾವಣಗೆರೆಯಿಂದ)

ಉತ್ತರ: ಅಳಿಸಬಹುದು, ಅಳತೆ ಮಾಡಿ. 'ಮಲ್ಟಿಪಾತ್‌ಡಿ ಶೋ ಕಾನ್ಫಿಗ್ ಲೋಕಲ್' ಎಂದು ಕೊಟ್ಟರೆ ನಿಮ್ಮಲ್ಲಿ ನಿಜವಾಗಿ ಇರುವ ಸ್ಟೋರೇಜ್‌ಗೆ ಅನ್ವಯಿಸುವ ಸೆಟ್ಟಿಂಗ್‌ಗಳಷ್ಟೇ ಬರುತ್ತವೆ. ಅದನ್ನು ಒಂದು ಫೈಲಿಗೆ ತೆಗೆದಿಡಿ. ಪರೀಕ್ಷೆಯ ಸರ್ವರ್‌ನಲ್ಲಿ ಒಂದು ಭಾಗ ಅಳಿಸಿ, ರಿಕಾನ್ಫಿಗರ್ ಮಾಡಿ, ಮತ್ತೆ ತೆಗೆದು ಡಿಫ್ ನೋಡಿ. ಏನೂ ಬದಲಾಗದಿದ್ದರೆ ಆ ಸಾಲುಗಳು ಇದ್ದೂ ಇರಲಿಲ್ಲ.

'ಗೆಟ್‌ಯುಐಡಿ ಕಾಲ್‌ಔಟ್' ಕಂಡರೆ ಅದು ಕೈಬಿಟ್ಟ ಹಳೆಯ ಪದ್ಧತಿ, ಈಗ ಡಿಸ್ಕ್‌ಗಳನ್ನು ಗುರುತಿಸುವ ಯುಡೆವ್ ಆ ಕೆಲಸ ಮಾಡುತ್ತದೆ. 'ಆರ್‌ಆರ್ ಮಿನ್ ಐಓ' ಇದ್ದರೆ ಅದು 2.6.31ಕ್ಕಿಂತ ಹಿಂದಿನ ಕರ್ನಲ್‌ಗೆ ಬರೆದದ್ದು, ಆಮೇಲಿನವಕ್ಕೆ ಕೊನೆಯಲ್ಲಿ ಆರ್‌ಕ್ಯೂ ಇರುವ ಬೇರೆ ಸಾಲಿದೆ. ಒಂದು ಕಾಲದಲ್ಲಿ ಯಾರೋ ರಾತ್ರಿ ಕೂತು ಅಳೆದು ಇಟ್ಟ ಅಂಕಿ ಅದು, ಈಗ ಯಾರೂ ಓದದೆ ಬಿದ್ದಿದೆ. ಉಳಿಸುವ ಪ್ರತಿ ಸಾಲಿನ ಮೇಲೆ ಹ್ಯಾಷ್ ಹಾಕಿ ಯಾಕೆ ಎಂದು ಒಂದು ವಾಕ್ಯ, ಕೆಳಗೆ ತಾರೀಖು ಬರೆಯಿರಿ. ಬೂಟ್ ಡಿಸ್ಕ್ ಮಲ್ಟಿಪಾತ್ ಮೇಲಿದ್ದರೆ, ಬೂಟ್‌ನ ಮೊದಲ ಹಂತದಲ್ಲಿ ಓಡುವ ಫೈಲ್ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬೂಟ್ ಹೊತ್ತಿನಲ್ಲಿ ಹಳೆಯ ಫೈಲೇ ಮಾತಾಡುತ್ತದೆ.

ಪ್ರಶ್ನೆ: ಎನ್‌ವಿಎಂಇ ಎಂಬ ಹೊಸ ಬಗೆಯ ವೇಗದ ಸ್ಟೋರೇಜ್ ತಂದಿದ್ದೇವೆ. 'ಮಲ್ಟಿಪಾತ್ -ಎಲ್‌ಎಲ್' ಕೊಟ್ಟರೆ ಎಂಪಾತ್ ಯಾವುದೂ ಕಟ್ಟಿಲ್ಲ, ಆದರೆ ಕೇಬಲ್ ಕಿತ್ತರೂ ಕೆಲಸ ನಡೆಯುತ್ತದೆ! (ಬೆಂಗಳೂರಿನಿಂದ)

ಉತ್ತರ: ಅಲ್ಲಿ ಕರ್ನಲ್ ತಾನೇ ದಾರಿಗಳನ್ನು ಜೋಡಿಸುತ್ತಿದೆ. 2018ರ ಜನವರಿಯಲ್ಲಿ ಬಂದ 4.15 ಕರ್ನಲ್‌ನಿಂದ ಈ ವ್ಯವಸ್ಥೆ ಎನ್‌ವಿಎಂಇ ಭಾಗದೊಳಗೇ ಇದೆ. ರೆಡ್ ಹ್ಯಾಟ್ ಲಿನಕ್ಸ್ 8ರಲ್ಲಿ ಡೀಫಾಲ್ಟ್ ಹಳೆಯ ಡಿವೈಸ್ ಮ್ಯಾಪರ್, ಅಂದರೆ ಇಲ್ಲಿಯ ತನಕ ಹೇಳಿದ ಮಲ್ಟಿಪಾತ್, ಆಗಿತ್ತು, 9ರಲ್ಲಿ ಇದು. ಇಲ್ಲಿ ಕಾನ್ಫ್ ಫೈಲೂ ಇಲ್ಲ, ಕಂಪನಿಗಳ ಪಟ್ಟಿಯೂ ಇಲ್ಲ. ಸ್ಟೋರೇಜ್ ಹೇಳಿದ್ದನ್ನು ಕೇಳುತ್ತದೆ, ಅಷ್ಟೇ. ನಿಮಗೆ ಉಳಿದಿರುವ ಮುಖ್ಯ ಆಯ್ಕೆಗಳು ಎರಡು: ದಾರಿ ಹಂಚುವ 'ಐಓಪಾಲಿಸಿ', ಅದರ ಡೀಫಾಲ್ಟ್ 'ನೂಮಾ' (ಸಿಪಿಯುಗೆ ಹತ್ತಿರದ ದಾರಿ), ಎಷ್ಟೋ ಕಡೆ 'ರೌಂಡ್ ರಾಬಿನ್' (ಸರದಿಯ ಪ್ರಕಾರ) ಮಾಡಿದರೆ ಲಾಭ. ಇನ್ನೊಂದು, ನೆಟ್‌ವರ್ಕ್ ಮೇಲಿನ ಎನ್‌ವಿಎಂಇ ಆದರೆ 'ಕಂಟ್ರೋಲರ್ ಲಾಸ್ ಟೈಮ್‌ಔಟ್', ಅಂದರೆ ಸಂಪರ್ಕ ಕಡಿದ ಕಂಟ್ರೋಲರ್‌ಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದು, ಡೀಫಾಲ್ಟ್ 600 ಸೆಕೆಂಡು. ಹತ್ತು ನಿಮಿಷ ಎಂದು ಓದಿಕೊಳ್ಳಿ, ಆಮೇಲೆ ಮೇಲಿನ ಟೊಮೆಟೊ ಲಾರಿಯ ಉತ್ತರವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ನಮ್ಮ ಕಾಲೇಜಿನಲ್ಲಿ ಇಂಥ ಸ್ಟೋರೇಜ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಮಲ್ಟಿಪಾತ್ ಕಲಿಯಲು ಆಗುತ್ತದೆಯೇ ಮೇಡಂ? (ಕಲಬುರಗಿಯಿಂದ)

ಉತ್ತರ: ಖಂಡಿತ ಆಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಲಿನಕ್ಸ್ ವರ್ಚುವಲ್ ಮೆಷಿನ್ ಒಂದನ್ನು ಎಬ್ಬಿಸಿ. ಕರ್ನಲ್ ಜೊತೆಗೇ ಬರುವ 'ಸ್ಕಸಿ ಡೀಬಗ್' ಎಂಬ ಮಾಡ್ಯೂಲ್ ಇದೆ, ಮೆಮೊರಿಯಲ್ಲಿ ಸುಳ್ಳು ಡಿಸ್ಕ್ ಮಾಡಿಕೊಡುತ್ತದೆ. ಅದನ್ನು ಮಾಡ್‌ಪ್ರೋಬ್ ಮಾಡುವಾಗ 'ಆಡ್ ಹೋಸ್ಟ್' 2, 'ವಿಪಿಡಿ ಯೂಸ್ ಹೋಸ್ಟ್‌ನೋ' 0 ಎಂದು ಕೊಡಿ. ಎರಡು ಹೋಸ್ಟ್‌ಗಳ ಕೆಳಗೆ ಒಂದೇ ಗುರುತಿನ ಡಿಸ್ಕ್ ಕಾಣುತ್ತದೆ, ಅಂದರೆ ಎರಡು ದಾರಿ. ಗಾತ್ರ 8 ಎಂಬಿ ಮಾತ್ರ, ಕಲಿಯಲು ಸಾಕು.

ಫೈಂಡ್ ಮಲ್ಟಿಪಾತ್ಸ್ 'ಯೆಸ್' ಇಟ್ಟರೆ ಎಂಪಾತ್‌ಎ ತಾನಾಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಚ್ಚಿ, ಪಟ್ಟಿಯಿಂದ ತೆಗೆದು, 'ಸ್ಟ್ರಿಕ್ಟ್' ಇಟ್ಟು ಮತ್ತೆ ನೋಡಿ, ಕಟ್ಟುವುದಿಲ್ಲ. ಆಮೇಲೆ ಮತ್ತೆ ಕಟ್ಟಿಸಿ, ಅದರ ಮೇಲೆ ಡಿಡಿ ಕಮಾಂಡ್‌ನಿಂದ ಬರೆಯುತ್ತಾ ಇರಿ. ಬರೆಯುವಾಗ ಡೈರೆಕ್ಟ್ ಎಂಬ ಗುರುತು ಹಾಕಿ, ಇಲ್ಲದಿದ್ದರೆ ಎಲ್ಲವೂ ಮೆಮೊರಿಯಲ್ಲೇ ನಿಂತು ಏನೂ ಕಾಣುವುದಿಲ್ಲ. ಇನ್ನೊಂದು ಟರ್ಮಿನಲ್‌ನಿಂದ, ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲುಗಳಂತೆ ತೋರಿಸುವ ಸಿಸ್‌ಎಫ್‌ಎಸ್ ಒಳಗೆ ಒಂದು ಡಿಸ್ಕ್‌ನ ಸ್ಟೇಟ್ ಫೈಲಿಗೆ 'ಆಫ್‌ಲೈನ್' ಎಂದು ಬರೆಯಿರಿ. ಕೇಬಲ್ ಕಿತ್ತ ಹಾಗೆ ಅದು. ಬರೆಯುವುದು ನಿಲ್ಲುವುದಿಲ್ಲ. 'ರನ್ನಿಂಗ್' ಎಂದು ಬರೆದು ವಾಪಸು ತನ್ನಿ.

ಈಗ 'ನೋ ಪಾತ್ ರಿಟ್ರೈ' ಕ್ಯೂ ಇಟ್ಟು ಎರಡನ್ನೂ ಆಫ್‌ಲೈನ್ ಮಾಡಿ. ಡಿಡಿ ಅಲ್ಲಿಗೇ ನಿಲ್ಲುತ್ತದೆ. ಕಂಟ್ರೋಲ್ ಸಿ ಒತ್ತಿ, ಕಿಲ್ 9 ಕೊಡಿ, ಪ್ರೊಸೆಸ್ ಪಟ್ಟಿಯಲ್ಲಿ ಡಿ ಎಂಬ ಅಕ್ಷರ ನೋಡಿ. ಒಂದೆರಡು ನಿಮಿಷ ಹಾಗೇ ನೋಡುತ್ತಾ ಕೂರಿ, ಆಮೇಲೆ ಡಿಸೇಬಲ್‌ಕ್ಯೂಯಿಂಗ್ ಕೊಡಿ. ಅದೇ ಪ್ರಯೋಗವನ್ನು 12 ಇಟ್ಟು ಮಾಡಿ, ಗಡಿಯಾರ ಹಿಡಿದು. ಎಷ್ಟು ಸೆಕೆಂಡಿಗೆ ಎರರ್ ಬಂತು ಎಂದು ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.